ಬೂನ್ ಪೆಕ್ ಬಿಟ್ಟುಹೋದ ಕಂಪ್ಯೂಟರ್

ಮಾರ್ಚ್ 6, ಬುಧವಾರ

ಸತ್ತ ಹಿರಿಯರ ಹೆಸರಿನ ಹಲಗೆಗಳನ್ನು ಒರೆಸಿದೆ. ಹೂ ಬದಲಿಸಿದೆ. ಮೂರು ಬಟ್ಟಲು ಚಹಾ ಇಟ್ಟೆ. ಊದುಕಡ್ಡಿ ಹಚ್ಚಿದೆ. ಕಂಪ್ಯೂಟರ್ ಆನ್ ಮಾಡಿದೆ. ಆಗಲಿಲ್ಲ.

ಆಗಲಿಲ್ಲ ಅಂದರೆ ಪೂರ್ತಿ ಸತ್ತಿಲ್ಲ. ದೀಪ ಬಂತು. ಒಳಗೆ ಫ್ಯಾನು ಕೆಮ್ಮುತ್ತಾ ತಿರುಗಿತು. ಕರಿ ಪರದೆ, ಬಿಳಿ ಅಕ್ಷರ. ತಾರೀಕು ಸರಿಯಿಲ್ಲ, ಎಫ್ ಒನ್ ಒತ್ತು ಅಂದಿತು. ಒತ್ತಿದೆ. ಆಮೇಲೆ ಇನ್ನೊಂದು ಸಾಲು — ಡಿಸ್ಕ್ ಅಥವಾ ಬೇರೇನಾದರೂ ಹಾಕಿದ್ದರೆ ತೆಗೆಯಿರಿ, ಯಾವುದಾದರೂ ಕೀ ಒತ್ತಿ. ಸಿಡಿ ತಟ್ಟೆ ಎಳೆದು ನೋಡಿದೆ. ಖಾಲಿ. ಕೀ ಒತ್ತಿದೆ. ಅದೇ ಸಾಲು. ಇನ್ನೊಂದು ಕೀ. ಅದೇ ಸಾಲು. ಹನ್ನೊಂದು ಸಲ ಒತ್ತಿ ಕೈಬಿಟ್ಟೆ.

ವೈರಿಂಗಿನವರು ಒಂಬತ್ತು ದಿನ ಕರೆಂಟು ತೆಗೆದಿದ್ದರು. ಅದಕ್ಕೆ ಮೊದಲು ಸರಿಯಾಗಿಯೇ ಇತ್ತು. ನಮ್ಮ ಕಾರ್ಯದರ್ಶಿ ಬೂನ್ ಪೆಕ್ ಇದ್ದಿದ್ದರೆ ಪ್ಲಗ್ಗು ಕೀಳಲು ಬಿಡುತ್ತಿರಲಿಲ್ಲ. ಪ್ಲಗ್ಗು ಕಿತ್ತ ದಿನ ಅವರು ತೀರಿಹೋಗಿ ಆರು ದಿನವಾಗಿತ್ತು. ಇವತ್ತಿಗೆ ಹದಿನಾರನೇ ದಿನ.

ದಿನಾ ಬೆಳಿಗ್ಗೆ ಎಂಟಕ್ಕೆ ಅವರು ಇದನ್ನು ಆನ್ ಮಾಡುತ್ತಿದ್ದರು. ಟಿಣ್‌ಟಿಣ್ ಅಂತ ಒಂದು ಸದ್ದು ಬರುತ್ತಿತ್ತು. ಆ ಸದ್ದು ಕೇಳಿದ ಮೇಲೇ ನಾನು ಕಾಫಿಗೆ ನೀರಿಡುತ್ತಿದ್ದುದು. ಇವತ್ತು ಒಂಬತ್ತೂವರೆಗೆ ನೆನಪಾಯಿತು, ಕಾಫಿ ಕುಡಿದೇ ಇಲ್ಲ ಅಂತ.


ಮಾರ್ಚ್ 7

ದಾತೋ ಬಂದಿದ್ದರು. ನಮ್ಮ ಅಧ್ಯಕ್ಷರು, ದಾತೋ ಅನ್ನುವುದು ಸರ್ಕಾರ ಕೊಟ್ಟ ಬಿರುದು. ಬಂದರೆ ಕೂರುವುದಿಲ್ಲ, ಕಾರಿನ ಕೀ ಆಡಿಸುತ್ತಾ ನಿಂತೇ ಮಾತು.

"ಗೈಕ್, ಆ ಡಬ್ಬ ಇನ್ನೂ ಇಲ್ಲೇ ಇದ್ಯಾ?"

"ಆನ್ ಆಗ್ತಾ ಇಲ್ಲ ದಾತೋ. ಯಾರಿಗಾದ್ರೂ ತೋರಿಸಿದ್ರೆ..."

"ಹದಿನೈದು ವರ್ಷದ ಮುದುಕ, ಅದಕ್ಕೆ ಡಾಕ್ಟ್ರು ಬೇರೆ! ಹೊಸದು ಬರುತ್ತೆ. ಇಪ್ಪತ್ತೆಂಟಕ್ಕೆ ಗುಜರಿಯವನು ಬರ್ತಾನೆ, ಕೊಟ್ಟು ಕಳಿಸು."

"ವಂಶಾವಳಿ ಅದರೊಳಗಿದೆ."

"ವಂಶಾವಳಿ ಪುಸ್ತಕದಲ್ಲಿದೆ. ತೊಂಬತ್ತೊಂಬತ್ತರಲ್ಲಿ ಅಚ್ಚಾಗಿದ್ದು. ನಮ್ಮ ಆಫೀಸಿನಾಕೆ ನೋಡ್ಕೊಂಡು ಟೈಪ್ ಮಾಡ್ತಾಳೆ. ಆಮೇಲೆ ಹುಟ್ಟಿದೋರು, ಹೋದೋರು — ಅವರವರ ಮನೇಲಿ ಕೇಳಿದ್ರಾಯ್ತು. ಮೂವತ್ತಕ್ಕೆ ಪ್ರೆಸ್ಸಿಗೆ ಹೋಗ್ಲೇಬೇಕು."

ಅವರವರ ಮನೇಲಿ. ನನ್ನ ವಿಷಯ ಯಾವ ಮನೇಲಿ ಕೇಳುತ್ತಾರೋ.

ಹೋಗುವಾಗ ವೈರಿಂಗಿನವರ ಕಾಗದಕ್ಕೆ ಸಹಿ ಹಾಕಿದರು. ಓದಲಿಲ್ಲ. ಯಾವತ್ತೂ ಓದುವುದಿಲ್ಲ. ಒಂದು ಸಲ ಬೂನ್ ಪೆಕ್ ನನ್ನೊಡನೆ ಪಂದ್ಯ ಕಟ್ಟಿ ನನ್ನ ದಿನಸಿ ಚೀಟಿಯನ್ನೇ ಮಿಕ್ಕ ಕಾಗದಗಳ ನಡುವೆ ಸೇರಿಸಿ ಮುಂದಿಟ್ಟಿದ್ದರು. ಬೆಳ್ಳುಳ್ಳಿ, ಒಣಸಿಗಡಿ, ಸೋಪಿನ ಪುಡಿ — ಕೆಳಗೆ ದೊಡ್ಡ ಸಹಿ, ಅಧ್ಯಕ್ಷರ ಮೊಹರು. ನಾವಿಬ್ಬರೂ ಅಡುಗೆಮನೆಗೆ ಓಡಿಹೋಗಿ ನಕ್ಕಿದ್ದೆವು.


ಮಾರ್ಚ್ 8

ಬರೆದೇಬಿಡುತ್ತೇನೆ. ಓದುವವರು ಯಾರಿದ್ದಾರೆ ಇದನ್ನು.

ಈ ಕೊಂಗ್ಸಿ ಮನೆ, ಅಂದರೆ ಸಂಘದ ಮನೆ, ಒಂದೇ ಕುಲದ ಚೀನೀಯರದು. ಬಾಗಿಲ ಮೇಲೆ ಚಿನ್ನದ ಅಕ್ಷರದಲ್ಲಿ ಕುಲದ ಹೆಸರು. ಒಳಗೆ ಮೂವತ್ತೊಂದು ವರ್ಷದಿಂದ ಪೊರಕೆ ಹಿಡಿದಿರುವವಳ ಹೆಸರು ಮಾತ್ರ ಆ ಕುಲದ ಪುಸ್ತಕದಲ್ಲಿಲ್ಲ. ಹನ್ನೊಂದು ದಿನದ ಕೂಸಾಗಿದ್ದಾಗ ನನ್ನನ್ನು ಬಾಲಿಕ್ ಪುಲಾವ್ ಹಳ್ಳಿಯಿಂದ ತಂದರು. ಹೆತ್ತವರಿಗೆ ಆರನೇ ಹೆಣ್ಣು, ಬೇಡವಾಗಿತ್ತು. ಈ ಕುಲದ ಬಡಗಿಯೊಬ್ಬರು ಸಾಕಿದರು. ಒಳ್ಳೆಯ ಅಪ್ಪ. ನನಗೆ ಪುಟ್ಟ ಸ್ಟೂಲು ಮಾಡಿಕೊಟ್ಟಿದ್ದರು, ಈಗಲೂ ಒಲೆಯ ಹತ್ತಿರ ಇದೆ. ಆದರೆ ಕಾಗದಪತ್ರ ಅಂದರೆ ಅವರಿಗೆ ಹೆದರಿಕೆ. ನನ್ನ ಹೆಸರು ಬರೆಸಲೇ ಇಲ್ಲ, ತೀರಿಹೋದರು. ಮದುವೆಯೂ ಆಗಲಿಲ್ಲ ನನಗೆ, ಗಂಡನ ಕಡೆಯ ಪುಸ್ತಕವೂ ಇಲ್ಲ.

ಪುಸ್ತಕದಲ್ಲಿ ಹೆಸರಿದ್ದವರಿಗೆ ಸತ್ತ ಮೇಲೆ ಇಲ್ಲೊಂದು ಹಲಗೆ. ವರ್ಷಕ್ಕೆ ಎರಡು ಸಲ ಒಬ್ಬೊಬ್ಬರ ಹೆಸರು ಕೂಗಿ ಊಟಕ್ಕೆ ಕರೆಯುತ್ತಾರೆ. ನಾನೇ ಅಡುಗೆ ಮಾಡುವುದು. ನಾನು ಹೋದ ಮೇಲೆ ನನ್ನನ್ನು ಯಾರೂ ಕರೆಯುವುದಿಲ್ಲ. ಇದಕ್ಕೆ ಹೆದರುತ್ತೇನೆ ಅಂತ ಹೇಳಲು ನಾಚಿಕೆ. ಹೆದರುತ್ತೇನೆ.

ನಿಯಮ ಇಷ್ಟೇ: ಹೆಸರು ಸೇರಬೇಕಾದರೆ ಬದುಕಿರುವ ತಂದೆಯ ಸಹಿ, ಅಧ್ಯಕ್ಷರ ಸಹಿ. ನನ್ನ ತಂದೆ ಬದುಕಿಲ್ಲ. ಇಪ್ಪತ್ತು ವರ್ಷದಿಂದ ಬೂನ್ ಪೆಕ್‌ಗೆ ಕೇಳುತ್ತಿದ್ದೆ. ನಲವತ್ತು ವರ್ಷ ಇಲ್ಲಿನ ಕಾರ್ಯದರ್ಶಿ, ಏನಾದರೂ ದಾರಿ ಗೊತ್ತಿರಬಹುದು ಅಂತ. "ನೋಡೋಣ" ಅನ್ನುತ್ತಿದ್ದರು. ಈ ಸಲ ಚೀನೀ ಹೊಸ ವರ್ಷದ ಹಿಂದಿನ ದಿನ, ಫೆಬ್ರವರಿ 9ಕ್ಕೆ, ನಾನು ಮೀನು ಉಜ್ಜುತ್ತಿದ್ದಾಗ, ಬಾಗಿಲಲ್ಲಿ ನಿಂತು ಹೇಳಿದರು —

"ಬರ್ದಿದ್ದೀನಿ ಗೈಕ್. ಪುಸ್ತಕ ಬರ್ಲಿ, ನೀನೇ ಓದ್ಕೋ."

"ಎಲ್ಲಿ ಬರ್ದಿದ್ದೀರಿ? ಹೇಗೆ?"

"ಮೀನು ಹೊತ್ತಿಸ್ಬೇಡ" ಅಂದು ಹೋದರು.

ಹಬ್ಬದ ಹನ್ನೊಂದನೇ ದಿನ ಬಚ್ಚಲಲ್ಲಿ ಬಿದ್ದರು, ಮತ್ತೆ ಏಳಲಿಲ್ಲ. ಪುಸ್ತಕ ಅಚ್ಚಾಗುವುದು ಇಪ್ಪತ್ತೈದು ವರ್ಷಕ್ಕೊಮ್ಮೆ. ನನಗೆ ಅರವತ್ತೊಂದು. ಇದು ತಪ್ಪಿದರೆ ತಪ್ಪಿತು.


ಮಾರ್ಚ್ 9, ಮಧ್ಯಾಹ್ನ

ಹುವಾಟ್ ಗಾಡಿಯಲ್ಲಿ ಸಿಗಡಿ ಸಾರಿನ ನೂಡಲ್ಸ್ ತಂದೆ. ಇವತ್ತೂ ಎರಡು ಪೊಟ್ಟಣ ಕಟ್ಟಿದ — ಒಂದಕ್ಕೆ ಖಾರ ಜಾಸ್ತಿ, ಇನ್ನೊಂದು ಖಾರವಿಲ್ಲದ್ದು. ಅವನಿಗೆ ಸುದ್ದಿ ಗೊತ್ತಿಲ್ಲ ಅಂತ ಕಾಣುತ್ತೆ. ನಾನೂ ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಒಂದೇ ಕಟ್ಟುತ್ತಾನೆ. ಖಾರದ್ದನ್ನು ತಿಂದೆ. ಇನ್ನೊಂದನ್ನು ಅವರ ಕುರ್ಚಿಯ ಮುಂದೆ ಬಿಚ್ಚಿಟ್ಟು, ಆರಿದ ಮೇಲೆ ಅದನ್ನೂ ತಿಂದೆ. ಉಪ್ಪಿಲ್ಲ, ಖಾರವಿಲ್ಲ. ಇದನ್ನು ಹೇಗೆ ತಿನ್ನುತ್ತಿದ್ದರೋ ಮಹರಾಯರು.


ಮಾರ್ಚ್ 11

ಡಬ್ಬದ ಪಕ್ಕೆಗೆ ಒಂದು ಚೀಟಿ ಅಂಟಿಸಿತ್ತು. ಮಾಸಿದೆ, ಆದರೂ ನಂಬರು ಕಾಣುತ್ತೆ. ಜುಲ್ಕೈರಿ, ಕಂಪ್ಯೂಟರ್ ಸರ್ವಿಸ್. ಫೋನ್ ಮಾಡಿದೆ.

"ಅದು ಇನ್ನೂ ಬದುಕಿದ್ಯಾ ಆಂಟಿ? ನಾನೇ ಜೋಡ್ಸಿ ಕೊಟ್ಟಿದ್ದು! ಆಗ ನಂಗೆ ತಲೇಲಿ ಕೂದ್ಲಿತ್ತು."

ಈಗ ಫೋನ್ ರಿಪೇರಿಯೇ ಜಾಸ್ತಿಯಂತೆ. ಇಷ್ಟು ಹಳೆಯದನ್ನು ಮುಟ್ಟಿ ಎಷ್ಟೋ ವರ್ಷವಾಯಿತಂತೆ. ಆದರೂ ಫೋನಲ್ಲೇ ಹೇಳಿಕೊಡುತ್ತೇನೆ ಅಂದ.

"ಸ್ಕ್ರೂ ಬಿಚ್ಚಿ, ಪಕ್ಕದ ತಗಡು ತೆಗೀರಿ. ಒಳಗೆ ಏನು ಕಾಣುತ್ತೆ?"

"ಬೂದಿ."

"ಧೂಳಾ?"

"ಬೂದಿ ಕಣಪ್ಪ. ಊದುಕಡ್ಡಿ ಬೂದಿ. ಒಲೆ ತರ ಇದೆ."

"ಆಂಟಿ, ಅದನ್ನ ಎಲ್ಲಿಟ್ಟಿದ್ದೀರಿ?"

ಎಲ್ಲಿಡುವುದು. ಪೂಜೆಯ ಪೀಠದ ಪಕ್ಕದಲ್ಲೇ. ವಾಸ್ತು ನೋಡುವವನು ಬಂದು, ವಂಶಾವಳಿ ಹಿರಿಯರ ಕಣ್ಣೆದುರೇ ಇರಬೇಕು ಅಂದಿದ್ದ. ಹದಿನೈದು ವರ್ಷ ಅದು ಹಿರಿಯರ ಜತೆ ಹೊಗೆ ಕುಡಿದಿದೆ.

"ಹಂಗಾದ್ರೆ ಅದು ಕಂಪ್ಯೂಟರ್ರಲ್ಲ ಆಂಟಿ, ನಿಮ್ಮ ಹಿರಿಯರಲ್ಲೇ ಒಬ್ರು" ಅಂದ. ನಗು ಬಂತು. ಎಷ್ಟು ದಿನವಾಗಿತ್ತು. ಫೋನು ಇಟ್ಟು ನೋಡಿದರೆ ಹದಿನೇಳು ನಿಮಿಷ ಮಾತಾಡಿದ್ದೆ. ಬೂನ್ ಪೆಕ್ ಹೋದ ಮೇಲೆ ಒಬ್ಬರ ಜತೆ ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು.


ಮಾರ್ಚ್ 13

ಬಣ್ಣ ಬಳಿಯುವ ಬ್ರಷ್ಷಿನಿಂದ ಬೂದಿ ಪೂರ್ತಿ ತೆಗೆದೆ. ಅರ್ಧ ಡಬ್ಬಿಯಾಯಿತು. ಚೆಲ್ಲಲು ಮನಸ್ಸಾಗಲಿಲ್ಲ, ಊದುಕಡ್ಡಿ ಪಾತ್ರೆಗೇ ಹಾಕಿದೆ.

ಮೆಮೊರಿಯ ಪಟ್ಟಿ ಅಂತ ಒಂದಿದೆ. ಕಿವಿ ಹಿಡಿದು ಎಳೆದಂತೆ ಎರಡೂ ಕಡೆಯ ಕ್ಲಿಪ್ಪು ಅಗಲಿಸಿ ತೆಗೆಯಬೇಕು. ಅದರ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಅಂದ ಜುಲ್. ಬೂನ್ ಪೆಕ್ ಡ್ರಾಯರಿನಲ್ಲಿ ರಬ್ಬರು ಇತ್ತು, ಒಂದು ಮೂಲೆ ಸವೆದಿತ್ತು. ಉಜ್ಜಿ ಹಾಕಿದೆ. ಆನ್ ಮಾಡಿದರೆ ಬೀಪ್ ಬೀಪ್ ಬೀಪ್. ಮತ್ತೆ ಜುಲ್‌ಗೆ ಫೋನು.

"ಹೆದರ್ಬೇಡಿ, ಸರಿಯಾಗಿ ಕೂತಿಲ್ಲ. ಟಕ್ ಅನ್ನೋವರ್ಗೂ ಒತ್ತಿ."

"ಮುರಿದ್ರೆ?"

"ಮುರಿಯಲ್ಲ. ನಿಮ್ಮಷ್ಟೇ ಗಟ್ಟಿ."

ಟಕ್ ಅಂತು. ಬೀಪು ನಿಂತಿತು. ಮತ್ತೆ ಅದೇ ಸಾಲು: ಬೇರೇನಾದರೂ ಹಾಕಿದ್ದರೆ ತೆಗೆಯಿರಿ. ಏನು ತೆಗೆಯಲಿ ನಿನ್ನ ತಲೆ.


ಮಾರ್ಚ್ 16

ಒಳಗೊಂದು ಗುಂಡು ಬ್ಯಾಟರಿ, ಬಿಲ್ಲೆಯಷ್ಟು. ಅದು ಸತ್ತಿದೆಯಂತೆ. ಪ್ಲಗ್ಗಿನ ಕರೆಂಟಿದ್ದಷ್ಟು ದಿನ ಯಂತ್ರಕ್ಕೆ ನೆನಪಿತ್ತು, ಒಂಬತ್ತು ದಿನ ತೆಗೆದಾಗ ಎಲ್ಲ ಮರೆಯಿತು. ಅದಕ್ಕೇ ತಾರೀಕು ಕೇಳುತ್ತಿತ್ತು. ಅದರ ಪಾಲಿಗೆ ದಿನಾ 2009, ಜನವರಿ ಒಂದು.

ವಾಚಿನ ಅಂಗಡಿಯಲ್ಲಿ ಹೊಸದು ಸಿಕ್ಕಿತು. ಹಾಕುವ ಮೊದಲು ಸ್ವಲ್ಪ ಹೊತ್ತು ಕೂತೆ. 2009 ಅಂದರೆ ಬೂನ್ ಪೆಕ್‌ಗೆ ಅರವತ್ತೆಂಟು. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಹೊಸ ಬ್ಯಾಟರಿ ಹಾಕಿ ಇವತ್ತಿನ ತಾರೀಕು ಕೊಟ್ಟೆ. ಈಗ ಯಂತ್ರಕ್ಕೂ ಗೊತ್ತಾಯಿತು.

ಎಫ್ ಒನ್ ಕೇಳುವುದು ನಿಂತಿತು. ಆ ಇನ್ನೊಂದು ಸಾಲು ಹಾಗೇ ಇದೆ.


ಮಾರ್ಚ್ 20, ಸಂಜೆ

ಜುಲ್ ತಾನೇ ಬಂದ. ಉಪವಾಸದ ತಿಂಗಳು, ನೀರೂ ಕುಡಿಯಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹಿರಿಯರ ಹಲಗೆಗಳ ಮುಂದೆ ಹೋಗುವಾಗ ತಲೆ ತಗ್ಗಿಸಿ ದಾಟಿದ. ಒಳ್ಳೆಯ ಮನುಷ್ಯ.

ಡಬ್ಬವನ್ನು ತಿರುಗಿಸಿ ಹಿಂಬದಿಯ ವಯರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕಿದ. ವಯರುಗಳ ನಡುವೆ ತೂಗುತ್ತಿದ್ದ ಪುಟ್ಟ ಹಳದಿ ಚೀಲದ ಹತ್ತಿರ ಕೈ ನಿಂತಿತು.

"ಆಂಟಿ, ಇದು?"

"ಅದು ರಕ್ಷೆ. ದೇವಸ್ಥಾನದ್ದು. ಮುಟ್ಟಬೇಡ."

"ಅಯ್ಯೋ, ಸರಿ ಸರಿ" ಅಂತ ಕೈ ಹಿಂದೆಳೆದುಕೊಂಡ. ಕೆಂಪು ದಾರದ ಗಂಟೂ ತಗಲದ ಹಾಗೆ ಅದರ ಸುತ್ತ ಕೆಲಸ ಮಾಡಿದ. ಬೂನ್ ಪೆಕ್ ನನಗೂ ಹಾಗೇ ಹೇಳಿದ್ದರು — ಒರೆಸುವಾಗ ಅದೊಂದನ್ನ ಮುಟ್ಟಬೇಡ. ಏಳೆಂಟು ವರ್ಷದಿಂದ ಅದರ ಸುತ್ತ ಒರೆಸುತ್ತಿದ್ದೇನೆ. ಅವರು ಸೈಕಲ್ಲಿಗೂ ಕೆಂಪು ದಾರ ಕಟ್ಟಿದವರು, ಅಕ್ಕಿ ಡಬ್ಬಕ್ಕೂ ಕಟ್ಟಿದವರು.

ಯಾವುದೂ ಫಲಿಸಲಿಲ್ಲ. "ವಿಂಡೋಸೇ ಹೋಗಿರ್ಬೇಕು. ಆದ್ರೆ ಡಿಸ್ಕಲ್ಲಿ ಫೈಲ್ ಇರ್ಬೋದು" ಅಂದ. ಡಿಸ್ಕು ಬಿಚ್ಚಿ, ಒಂದು ಕೇಬಲ್ಲಿನಿಂದ ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಬಂತು! ವಂಶಾವಳಿ ಅಂತಲೇ ಹೆಸರಿದ್ದ ಫೈಲು. ಬಡಗಿ ಅಪ್ಪನ ಹೆಸರು ಹುಡುಕಿಸಿದೆ. ಸಿಕ್ಕಿತು.

ಹೆಂಡತಿಯ ಹೆಸರು. ಹುಟ್ಟಿದ ವರ್ಷ, ಹೋದ ವರ್ಷ. ಸಂತಾನ: ಇಲ್ಲ.

"ಈ ಫೈಲು 2016ರದ್ದು ಆಂಟಿ. ಆಮೇಲೆ ಯಾರೂ ಇದನ್ನ ಮುಟ್ಟಿಲ್ಲ" ಅಂದ ಜುಲ್. "ಬೇರೆ ಎಲ್ಲಾದ್ರೂ ಇಟ್ಟಿದ್ರಾ? ಪೆನ್‌ಡ್ರೈವು, ಸಿಡಿ?"

ಡ್ರಾಯರುಗಳನ್ನೆಲ್ಲ ಮಗುಚಿ ಹಾಕಿದೆವು. ಮೂರು ಕನ್ನಡಕ, ಕೆಮ್ಮಿನ ಗುಳಿಗೆ, ಹಳೇ ಕ್ಯಾಲೆಂಡರು. ಜುಲ್ ಡಿಸ್ಕನ್ನು ಮತ್ತೆ ಒಳಗೆ ಕೂರಿಸಿ, ಹೊತ್ತಾಯಿತು ಅಂತ ಹೊರಟ. ಉಪವಾಸ ಬಿಡುವ ಹೊತ್ತು.

ಸಂತಾನ: ಇಲ್ಲ. ಏಳು ವರ್ಷ ದಿನಾ ಕೂತು ಏನು ಟಕಟಕ ಮಾಡುತ್ತಿದ್ದರು ಹಾಗಾದರೆ? ಇಸ್ಪೀಟು?


ಮಾರ್ಚ್ 27

ಬರೆಯಲಿಲ್ಲ. ಬರೆಯಲು ಏನಿದೆ.

ಸುಳ್ಳು ಹೇಳಿದರು. ನಾನು ಇಪ್ಪತ್ತು ವರ್ಷ ಪೀಡಿಸಿದೆ, ಹಬ್ಬದ ದಿನ ಅಳಬಾರದು ಅಂತ ಏನೋ ಒಂದು ಹೇಳಿ ಬಾಯಿ ಮುಚ್ಚಿಸಿದರು. ಮೀನು ಹೊತ್ತಿಸಬೇಡ ಅಂತೆ.

ಇವತ್ತು ಹುವಾಟ್‌ಗೆ ಹೇಳಿಬಿಟ್ಟೆ. ಒಂದೇ ಪೊಟ್ಟಣ ಸಾಕು ಅಂತ. ಯಾಕೆ ಅಂತ ಹೇಳಲಿಲ್ಲ.


ಮಾರ್ಚ್ 28, ಗುರುವಾರ

ಬೆಳಗಿನಿಂದ ಸಾಲಾಗಿ ಬರೆಯುತ್ತೇನೆ.

ಹನ್ನೊಂದಕ್ಕೆ ಗುಜರಿಯವನು ಬರುವವನಿದ್ದ. ಎಂಟಕ್ಕೆ ಡಬ್ಬ ಒರೆಸಿದೆ. ಯಾಕೆ ಒರೆಸಿದೆ ಗೊತ್ತಿಲ್ಲ, ಗುಜರಿಗೆ ಹೋಗುವುದಕ್ಕೆ ಸ್ನಾನ ಬೇರೆ. ಅಭ್ಯಾಸ. ಕೊನೆಯ ಸಲ ಅಂತ ಆನ್ ಕೂಡ ಮಾಡಿದೆ. ಅದೇ ಸಾಲು. ಸರಿ ಬಿಡು ಅಂದೆ.

ರಕ್ಷೆಯನ್ನು ಮಾತ್ರ ಗುಜರಿಗೆ ಕಳಿಸುವ ಹಾಗಿಲ್ಲ. ಹಳೆಯ ರಕ್ಷೆಯನ್ನು ಕಸಕ್ಕೆ ಹಾಕಬಾರದು, ಅಂಗಳದಲ್ಲಿ ಕಾಗದ ಸುಡುವ ಕುಲುಮೆಗೇ ಹಾಕಬೇಕು. ಕೋಪವೂ ಇತ್ತು. ಯಾರನ್ನು ಕಾಯ್ದೆ ನೀನು ಅಂತ ಬೈದು ಚೀಲವನ್ನು ಹಿಡಿದು ಎಳೆದೆ. ಸುಮ್ಮನೆ ತೂಗುಹಾಕಿದೆ ಅಂದುಕೊಂಡಿದ್ದೆ. ಬಿಗಿಯಾಗಿತ್ತು. ಹಲ್ಲು ಕಿತ್ತ ಹಾಗೆ ಬಂತು.

ಕುಲುಮೆಗೆ ಬೆಂಕಿ ಹಚ್ಚಿದ್ದೆ. ಹಾಕುವ ಮೊದಲು ದಾರ ಬಿಚ್ಚೋಣ ಅನಿಸಿತು, ಅವರು ಗಂಟು ಹಾಕಿದ ಕೊನೆಯ ದಾರ. ಮೂರು ಗಂಟು, ಉಗುರಿಗೆ ಬಗ್ಗದು. ಹಲ್ಲಿನಿಂದ ಬಿಚ್ಚಿದೆ. ಚೀಲ ಸಡಿಲವಾಗಿ ಜಾರಿತು. ಒಳಗೆ ಮಂತ್ರದ ಕಾಗದವಿಲ್ಲ. ಒಂದು ಪೆನ್‌ಡ್ರೈವ್. ಬೂದಿ ತಗಲದಿರಲಿ ಅಂತ ಚೀಲ ತೊಡಿಸಿದ್ದಾರೆ, ಮನುಷ್ಯ!

ಬೆಂಕಿಯ ಮುಂದೆ ಹಾಗೇ ನಿಂತುಬಿಟ್ಟೆ. ಇನ್ನೊಂದು ಗಳಿಗೆ — ಬೇಡ, ಅದನ್ನು ಯೋಚಿಸುವುದಿಲ್ಲ.

ಆಮೇಲೆ ಆ ಸಾಲು ನೆನಪಾಯಿತು. ಬೇರೇನಾದರೂ ಹಾಕಿದ್ದರೆ ತೆಗೆಯಿರಿ. ಮೊದಲ ದಿನದಿಂದ ಅದು ಅದನ್ನೇ ಹೇಳುತ್ತಿತ್ತು. ಒಳಗೆ ಓಡಿದೆ. ಪರದೆಯಲ್ಲಿ ಅದೇ ಸಾಲು ಕಾಯುತ್ತಿತ್ತು. ಒಂದು ಕೀ ಒತ್ತಿದೆ.

ಟಿಣ್‌ಟಿಣ್.

ನನಗೇ ಗೊತ್ತಿಲ್ಲದೆ ಅಡುಗೆಮನೆಗೆ ಬಂದಿದ್ದೆ. ಕೈಯಲ್ಲಿ ಕಾಫಿ ಪಾತ್ರೆ. ನೀರಿಟ್ಟಿದ್ದೆ, ಇಬ್ಬರಿಗೆ ಆಗುವಷ್ಟು.

ಜುಲ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಆ ಚೀಲದೊಳಗಾ?! ಆಂಟೀ! ಬ್ಯಾಟರಿ ಸತ್ತು ಎಲ್ಲ ಮರ್ತ ಮೇಲೆ ಅದು ಡಿಸ್ಕ್ ಬಿಟ್ಟು ಪೆನ್‌ಡ್ರೈವನ್ನೇ ಮೊದಲು ನೋಡೋಕೆ ಶುರು ಮಾಡಿದೆ. ಅಲ್ಲಿ ವಿಂಡೋಸ್ ಎಲ್ಲಿರುತ್ತೆ! ನೀವು ಮುಟ್ಬೇಡ ಅಂದ್ರಿ!"

"ನೀನು ಯಾಕಪ್ಪ ಕೇಳ್ದೆ ನನ್ನ ಮಾತು?"

"ದೇವರದ್ದು ಅಂದ್ರಲ್ಲ, ಹೇಗೆ ಮುಟ್ಲಿ?" ನಕ್ಕು ನಕ್ಕು ಅವನಿಗೆ ಕೆಮ್ಮು ಬಂತು. "ನಾವಿಬ್ರೂ ಮರ್ಯಾದಸ್ಥರಾಗಿದ್ದೇ ತಪ್ಪಾಯ್ತು ನೋಡಿ. ಈಗ ಅದನ್ನ ವಾಪಸ್ ಸಿಕ್ಕಿಸಿ. ಈಗ ತೊಂದ್ರೆ ಇಲ್ಲ. ಒಳಗೆ ಏನಿದೆ ನೋಡಿ."

ಗುಜರಿಯವನು ಬಂದ. ಏನೂ ಇಲ್ಲ ಹೋಗು ಅಂದೆ.


ಅದೇ ದಿನ, ಮಧ್ಯಾಹ್ನ 3

ಪೆನ್‌ಡ್ರೈವಿನಲ್ಲಿ ಎರಡೇ ಫೈಲು. ಒಂದು ವಂಶಾವಳಿ, ಕೊನೆಗೆ ಮುಟ್ಟಿದ್ದು ಫೆಬ್ರವರಿ 9. ಯಂತ್ರವನ್ನು ನಂಬದೆ ಏಳು ವರ್ಷ ಇದರಲ್ಲೇ ಬರೆದಿದ್ದಾರೆ. ನೂರಾರು ಹೊಸ ಹೆಸರು, ಪೆರ್ತ್‌ನಲ್ಲಿ ಹುಟ್ಟಿದ ಮಕ್ಕಳದ್ದು ಕೂಡ.

ಬಡಗಿ ಅಪ್ಪನ ಹೆಸರಿಗೆ ಹೋದೆ. ಸಂತಾನ: ಇಲ್ಲ.

ಇಲ್ಲೂ ಇಲ್ಲ.

ಮುಚ್ಚಿಬಿಡುವವಳಿದ್ದೆ. ಬೂನ್ ಪೆಕ್ ಹೋದ ದಿನಾಂಕವನ್ನಾದರೂ ತುಂಬಿಸೋಣ, ಅದನ್ನು ಇನ್ಯಾರು ತುಂಬಿಸುತ್ತಾರೆ ಅನಿಸಿತು. ಅವರ ಸಾಲು ಹುಡುಕಿದೆ.

ಬೂನ್ ಲಿಯೋಂಗ್, ಅದೇ ಅವರ ಪೂರ್ತಿ ಹೆಸರು. ಹುಟ್ಟಿದ್ದು 1941. ಮದುವೆ: ಇಲ್ಲ. ಸಂತಾನ: ಒಂದು. ಮಗಳು, ಸ್ಯೂ ಗೈಕ್.

ಮತ್ತೆ ಓದಿದೆ. ಕನ್ನಡಕ ಒರೆಸಿ ಓದಿದೆ. ಅವರ ಕನ್ನಡಕ ಹಾಕಿಕೊಂಡು ಓದಿದೆ.

ಬದುಕಿರುವ ತಂದೆಯ ಸಹಿ ಬೇಕು ಅಂತ ನಿಯಮ. ನನಗೆ ಬದುಕಿರುವ ತಂದೆ ಇರಲಿಲ್ಲ. ಹಾಗಾಗಿ ಅವರೇ ಆದರು. ಎರಡನೇ ಫೈಲು ಸ್ಕ್ಯಾನ್ ಮಾಡಿದ ಅರ್ಜಿ: ದತ್ತು ಮಗಳನ್ನು ಸೇರಿಸುವ ಬಗ್ಗೆ. ತಂದೆಯ ಸಹಿ ಇದೆ, ಜನವರಿ 12ರ ತಾರೀಕು. ಅದರ ಕೆಳಗೆ ಇನ್ನೊಂದು ದೊಡ್ಡ ಸಹಿ, ಅಧ್ಯಕ್ಷರ ಮೊಹರು.

ಅತ್ತೆ. ಜೋರಾಗಿ. ಕೇಳುವವರು ಹಲಗೆಯಲ್ಲಿರುವವರು ಮಾತ್ರ, ಕೇಳಲಿ.

ಬಡಗಿ ಅಪ್ಪ, ನಿಮ್ಮ ಸಾಲು ಹಾಗೇ ಉಳಿಯಿತು. ತಪ್ಪು ತಿಳಿಯಬೇಡಿ. ನಿಮ್ಮ ಸ್ಟೂಲಿನ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.


ಮಾರ್ಚ್ 30

ದಾತೋಗೆ ತೋರಿಸಿದೆ. ಪರದೆಯ ಹತ್ತಿರ ಮುಖ ತಂದರು.

"ಬೂನ್ ಲಿಯೋಂಗ್‌ಗೆ ಮಗಳು ಎಲ್ಲಿಂದ ಬಂದ್ಲು? ಒಪ್ಪಿಗೆ ಇಲ್ದೆ ಹೀಗೆಲ್ಲ ಸೇರ್ಸೋ ಹಾಗಿಲ್ಲ ಗೈಕ್. ಯಾರು ಒಪ್ಪಿಗೆ ಕೊಟ್ಟೋರು?"

"ನೀವೇ ದಾತೋ."

ಅರ್ಜಿ ತೆರೆದೆ. ದಾತೋ ತಮ್ಮ ಸಹಿಯನ್ನೇ ನೋಡುತ್ತಾ ನಿಂತರು. ಕಾರಿನ ಕೀ ಆಡಿಸುವುದು ನಿಂತಿತ್ತು. ಓದದೆ ಹಾಕಿದ್ದೆ ಅಂತ ಹೇಳುವ ಹಾಗಿಲ್ಲ. ಹೇಳಿದರೆ ಅಧ್ಯಕ್ಷರಾಗಿ ಹದಿನಾಲ್ಕು ವರ್ಷ ಹಾಕಿದ ಎಲ್ಲ ಸಹಿಗೂ ಅದೇ ಮಾತು ಬರುತ್ತೆ.

"ಹೂಂ. ನೆನಪಿದೆ. ಯೋಚ್ನೆ ಮಾಡೇ ಹಾಕಿದ್ದು" ಅಂದರು.

"ಗೊತ್ತು ದಾತೋ."

ಪ್ರೆಸ್ಸಿಗೆ ಬೂನ್ ಪೆಕ್ ಫೈಲೇ ಹೋಯಿತು. ಅಡುಗೆಮನೆಗೆ ಹೋದೆ, ನಗೋಣ ಅಂತ. ಒಬ್ಬಳೇ ನಗಲು ಆಗಲಿಲ್ಲ.


ಏಪ್ರಿಲ್ 3

ಹೆಸರು ಸೇರಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಅದೇ ಚುಚ್ಚುತ್ತಿದೆ ಈಗ.

ಬೂನ್ ಪೆಕ್ ಶವಯಾತ್ರೆಯ ದಿನ ಮಕ್ಕಳು ಹಿಡಿಯಬೇಕಾದ ಊದುಕಡ್ಡಿಯ ಪಾತ್ರೆ ಹಿಡಿದು ಮುಂದೆ ನಡೆದವನು ದಾತೋ ಅಣ್ಣನ ಮಗ. ಅವನಿಗೆ ಅವರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಪೂಜಾರಿ, ಮಕ್ಕಳು ಯಾರಾದರೂ ಇದ್ದರೆ ಬನ್ನಿ ಅಂತ ಕರೆದರು. ಯಾರೂ ಹೋಗಲಿಲ್ಲ. ನಾನು ಹಿಂದೆ ಚಹಾ ಬಟ್ಟಲು ತೊಳೆಯುತ್ತಿದ್ದೆ. ಆ ಕರೆ ನನಗೂ ಕೇಳಿಸಿತ್ತು. ನನ್ನನ್ನೇ ಕರೆದಿದ್ದು.

ಯಾಕೆ ಹೇಳಲಿಲ್ಲ ಪೆಕ್? ನಾನು ಬೇಡ ಅಂದೇನು ಅಂತಲೇ? ಒಂದು ದಿನ, ಒಂದೇ ಒಂದು ದಿನ ಹೇಳಿದ್ದರೆ ಆ ಖಾರವಿಲ್ಲದ ನೂಡಲ್ಸನ್ನು ಬಾಯಿಗಿಟ್ಟು ತಿನ್ನಿಸುತ್ತಿದ್ದೆ.


ಏಪ್ರಿಲ್ 6

ಗೋಣಿಬಟ್ಟೆಯ ಚೌಕ ತುಂಡು, ಎರಡು ಬೆರಳಗಲ. ಮಕ್ಕಳು ತೋಳಿಗೆ ಹೊಲಿದುಕೊಳ್ಳುವುದು. ಸತ್ತವರು ಗಂಡಸಾದರೆ ಎಡತೋಳಿಗೆ. ಮೊದಲ ದಿನವೇ ಹೊಲಿಯಬೇಕಿತ್ತು. ಇವತ್ತು ಹೊಲಿದೆ.

ಹುವಾಟ್ ಗಾಡಿಗೆ ಹೋದೆ. ತೋಳು ನೋಡಿ ಸೌಟು ನಿಲ್ಲಿಸಿದ.

"ಅಕ್ಕಾ... ಯಾರು?"

ಅಪ್ಪ ಅಂತ ಬಾಯಿಗೆ ಬರಲಿಲ್ಲ. ಮೂವತ್ತೊಂದು ವರ್ಷ ಪೆಕ್ ಅಂತಲೇ ಕರೆದದ್ದು. ಪೆಕ್ ಅಂದರೆ ದೊಡ್ಡಪ್ಪ, ಅವರು ಊರಿಗೆಲ್ಲ ಪೆಕ್. ಹಾಲಿನವನಿಗೂ ಪೆಕ್, ಜುಲ್‌ಗೂ ಪೆಕ್. "ಎರಡು ಕಟ್ಟಪ್ಪ, ಒಂದು ಖಾರವಿಲ್ಲದ್ದು" ಅಂದೆ, ಅಷ್ಟೇ. ಅವನು ಕಟ್ಟಿದ.


ಏಪ್ರಿಲ್ 8, ಸೋಮವಾರ, ಬೆಳಿಗ್ಗೆ

ಅವರು ಹೋಗಿ ನಲವತ್ತೊಂಬತ್ತನೇ ದಿನ, ಕೊನೆಯ ಪೂಜೆ.

ಎಂಟಕ್ಕೆ ಕಂಪ್ಯೂಟರ್ ಆನ್ ಮಾಡಿದೆ. ಟಿಣ್‌ಟಿಣ್. ಕಾಫಿ ಇಟ್ಟೆ. ಪೆನ್‌ಡ್ರೈವಿಗೆ ಮತ್ತೆ ಹಳದಿ ಚೀಲ ತೊಡಿಸಿದ್ದೇನೆ, ದಾರ ಕಟ್ಟಿದ್ದೇನೆ, ಡ್ರಾಯರಿನಲ್ಲಿಟ್ಟಿದ್ದೇನೆ. ಯಂತ್ರವನ್ನು ಪೀಠದಿಂದ ದೂರಕ್ಕೆ, ಕಿಟಕಿಯ ಹತ್ತಿರಕ್ಕೆ ಸರಿಸಿದೆ. ವಾಸ್ತುವಿನವನು ಬೇಕಾದರೆ ಬಂದು ಕೇಳಲಿ.

ಕೆಳಗೆ ಜನ ಸೇರುತ್ತಿದ್ದಾರೆ. ಬಟ್ಟಲುಗಳು ಹಾಗೇ ಇವೆ, ಇವತ್ತು ನಾನು ತೊಳೆಯುವುದಿಲ್ಲ. ದಾತೋ ಅಣ್ಣನ ಮಗನೂ ಬಂದಿದ್ದಾನೆ, ಪಾತ್ರೆ ಹಿಡಿಯಲು. ಎಡತೋಳಿನ ಬಟ್ಟೆ ಸರಿಯಾಗಿದೆಯಾ ಅಂತ ಮೂರು ಸಲ ಕನ್ನಡಿ ನೋಡಿದೆ. ಮೆಟ್ಟಿಲ ಮೇಲೆ ನಿಂತು ಆ ಪದವನ್ನು ಮೆಲ್ಲಗೆ ಹೇಳಿಕೊಂಡು ನೋಡಿದೆ. ಒಮ್ಮೆ ಬಂತು. ಇನ್ನೊಮ್ಮೆ ಅರ್ಧಕ್ಕೇ ನಿಂತಿತು.

ಗಂಟೆ ಹೊಡೆಯಿತು. ಪೂಜಾರಿ ಕರೆಯುತ್ತಿದ್ದಾರೆ — ಬೂನ್ ಲಿಯೋಂಗ್ ಅವರ ಮಕ್ಕಳು ಯಾರಾದರೂ ಇದ್ದೀರಾ ಅಂತ. ಬಂದೆ ಅಂತ ಕೂಗಿದ್ದೇನೆ. ಎಲ್ಲರೂ ಮೇಲೆ ನೋಡುತ್ತಿರಬೇಕು. ಹೋಗಿ ಹೇಳಬೇಕು, ನಾನು ಅವರ —